ಮರ್ವ್ ಗೆದ್ದ ಟಾಸು

ತೂವೂಂಬಾ ಊರಿನಲ್ಲಿ, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ನಮ್ಮ ಬೌಲ್ಸ್ ಕ್ಲಬ್ಬಿನಲ್ಲಿ, ಮರ್ವ್ ಟಾಸು ಸೋತದ್ದನ್ನು ಕಂಡವರಿಲ್ಲ. ದೇವರಿಗೂ ಅವನಿಗೂ ಏನೋ ಒಳ ಒಪ್ಪಂದವಿದೆ ಎಂದು ನಾನು ಎಷ್ಟೋ ಶನಿವಾರ ಹಲ್ಲು ಕಡಿದಿದ್ದೇನೆ. ಕೊನೆಗೆ ಒಂದೇ ಚಳಿಗಾಲದಲ್ಲಿ ಇಬ್ಬರಿಗೂ ಗುದನಾಳದ ಕ್ಯಾನ್ಸರ್ ಬಂತು. ಅದರಲ್ಲೂ ಮೊದಲು ಅವನಿಗೇ.

ನಮ್ಮ ಸರ್ಜನ್ ಡಾಕ್ಟರ್ ಪ್ರೆಂಟಿಸಮ್ಮ ಇಬ್ಬರನ್ನೂ ಒಂದು ಪ್ರಯೋಗಕ್ಕೆ ಸೇರಿಸಿಕೊಂಡರು. ಅರ್ಧ ಜನರಿಗೆ ಹೊಟ್ಟೆ ಸೀಳಿ ಆಪರೇಷನ್, ಉಳಿದವರಿಗೆ ಸಣ್ಣ ತೂತು ಕೊರೆದು, ಕ್ಯಾಮೆರಾ ತೂರಿಸಿ. ಯಾವುದು ಮೇಲೆಂದು ಯಾರಿಗೂ ಗೊತ್ತಿಲ್ಲವಂತೆ, ಅದಕ್ಕೇ ಪ್ರಯೋಗವಂತೆ. ಯಾರಿಗೆ ಯಾವುದು ಎಂಬುದನ್ನು ಕಂಪ್ಯೂಟರ್ ಆರಿಸುತ್ತದಂತೆ.

"ಅಂದ್ರೆ ಟಾಸು," ಎಂದೆ.

"ಹೆಚ್ಚೂಕಮ್ಮಿ ಹಾಗೇ."

ಅಲ್ಲಿಗೆ ನನ್ನ ಹಣೆಬರಹ ತಿಳಿಯಿತು. ಮರ್ವ್‌ಗೆ ತೂತು, ನನಗೆ ಸೀಳು.

ನಾನಿನ್ನೂ ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿಕೊಳ್ಳುತ್ತಿದ್ದಾಗ, ಈ ಮಹಾಶಯ ಕ್ಲಬ್ಬಿನ ಬಾರಿನಲ್ಲಿ ಅಂಗಿ ಎತ್ತಿ ಹೆಂಗಸರಿಗೆ ತನ್ನ ತೂತುಗಳ ಪ್ರದರ್ಶನ ನಡೆಸಿದ್ದ. ನನ್ನನ್ನು ನೋಡಲು ದ್ರಾಕ್ಷಿ ತಂದು, ತಾನೇ ತಿನ್ನುತ್ತ ಕೂತ.

"ಏನೋ ಬೇಸಿಲ್, ನಿನ್ನನ್ನ ಮೀನು ಸೀಳ್ದಂಗೆ ಸೀಳವ್ರಲ್ಲೋ."

"ನಂಗೂ ಎರಡು ಬಿಡು ಮಾರಾಯ."

ಇಬ್ಬರಿಂದ ತೆಗೆದ ತುಂಡುಗಳೂ ಲ್ಯಾಬಿಗೆ ಹೋಗಿದ್ದವು. ಯಾವುದು ತೂತಿನದು, ಯಾವುದು ಸೀಳಿನದು ಎಂದು ಅಲ್ಲಿ ನೋಡುವವರಿಗೆ ಹೇಳುವುದೇ ಇಲ್ಲ. ಪಕ್ಷಪಾತ ಆಗಬಾರದು ನೋಡಿ. ಗಡ್ಡೆಯ ಸುತ್ತಲ ಕೊಬ್ಬಿನ ಹೊದಿಕೆ ಹರಿಯದೆ ಬಂದಿದೆಯೇ, ಅಂಚಿನಲ್ಲಿ ರೋಗವಿದೆಯೇ, ಅಷ್ಟೇ ಅವರಿಗೆ ಬೇಕಾದದ್ದು. ನನ್ನ ಅಂಚು ಶುದ್ಧವಾಗಿತ್ತು. ಮರ್ವ್‌ನದು ಆಗಿರಲಿಲ್ಲ; ಅಂದರೆ ರೋಗ ಅವನೊಳಗೆ ಇನ್ನೂ ಉಳಿದಿರಬಹುದು.

ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ ಅವನೇ ಹೇಳಿದ. "ಪ್ರೆಂಟಿಸಮ್ಮ ಅತ್ತೇಬಿಡ್ತಾಳೇನೋ ಅನ್ನಿಸ್ತು ಕಣೋ. ನಾನೇ ಸಮಾಧಾನ ಮಾಡ್ದೆ."

"ತೂತು ಕೊರೆದಿದ್ದಕ್ಕೇ ಹಿಂಗಾಯ್ತಾ?"

"ಒಬ್ಬನ್ನ ನೋಡಿ ಹೇಳಕ್ಕಾಗಲ್ವಂತೆ. ನೂರಾರು ಜನ ಬೇಕಂತೆ." ಕಾರಿನ ಕೀಲಿಗಾಗಿ ಜೇಬು ತಡಕಿದ. "ನಾನಿರೋದು ಒಬ್ಬನೇ ಅಲ್ವೇನೋ."

ವರ್ಷಗಟ್ಟಲೆ ಅವನ ಮೇಲೆ ಹೊಟ್ಟೆ ಉರಿದುಕೊಂಡವನು ನಾನು. ಆವತ್ತು ಅಲ್ಲೇ ನಿಂತು ಅತ್ತೆ.

ವಸಂತ ಬಂತು. ಮರ್ವ್ ಕೀಮೋದ ನಡುವೆ ಸೊರಗಿಹೋಗಿದ್ದ. ಆದರೂ ಬಿಳಿ ಬಟ್ಟೆ ತೊಟ್ಟು ಆಟಕ್ಕೆ ಬಂದ. ಎಂದಿನಂತೆ ಅವನೇ "ಹೆಡ್ಸ್" ಅಂದ, ನಾನು ನಾಣ್ಯ ಚಿಮ್ಮಿದೆ. ಹುಲ್ಲಿನ ಮೇಲೆ ಟೇಲ್ಸ್ ಬಿದ್ದಿತ್ತು. ತಟ್ಟನೆ ಅದರ ಮೇಲೆ ಶೂ ಇಟ್ಟೆ.

"ಹೆಡ್ಸ್. ಎಂದಿನ ಹಾಗೆ ನೀನೇ ಗೆದ್ದೆ, ದರಿದ್ರದವನೇ," ಎಂದೆ.

ಮರ್ವ್ ನನ್ನ ಮುಖವನ್ನೇ ನೋಡಿದ.

"ಬೇಸಿಲ್," ಎಂದ ಮೆಲ್ಲಗೆ. "ಕಾಲು ತೆಗಿ."