ಸಾತಿಕೆಗೆ ಮೂವರು ಮಕ್ಕಳು

ನಲವತ್ತೇಳು ವರ್ಷ ಸೊವೆತ್‌ಬೆಕ್ ಅಂತ ಕರೆಸಿಕೊಂಡ ಮನುಷ್ಯ, ಸೋವಿಯತ್ ಒಕ್ಕೂಟ ಮುಗಿದ ಎರಡೇ ತಿಂಗಳಿಗೆ ಅಜಾತ್‌ಬೆಕ್ ಆಗಿಬಿಟ್ಟಿದ್ದ. ಅಜಾತ್ ಅಂದರೆ ಸ್ವತಂತ್ರ. ಥೂ! ಬದಲಾಗಿದ್ದು ಹೆಸರೊಂದೇ. ಜೀಪು ಅದೇ, ಚರ್ಮದ ಕೋಟು ಅದೇ, ಗೇಟು ತಳ್ಳುವಾಗ ಕೈಯ ಬದಲು ಬೂಟು ಬಳಸುವ ಚಾಳಿಯೂ ಅದೇ. ಅಂಗಳದಲ್ಲಿ ಕುದುರೆಯ ಲಾಳ ನೋಡುತ್ತ ಕೂತಿದ್ದ ಜುಮಾಕಾದಿರ್ ಮೇಷ್ಟ್ರು ಆ ಬೂಟಿನ ಸದ್ದಿಗೇ ಯಾರು ಬಂದರೆಂದು ತಿಳಿದುಕೊಂಡರು.

"ಸಲಾಮ್ ಮೇಷ್ಟ್ರೇ, ಮೈಗೆ ಹುಷಾರಾ? ಹಳೇದೆಲ್ಲ ಮನಸ್ಸಲ್ಲಿ ಇಟ್ಕೋಬೇಡಿ. ಆಗ ಕಾಲ ಹಾಗಿತ್ತು."

"ಕಾಲ ಬಂದು ನನ್ನ ಪುಸ್ತಕ ಹೊತ್ಕೊಂಡು ಹೋಗ್ಲಿಲ್ಲಪ್ಪ. ನೀನು ಬಂದಿದ್ದೆ."

ಅವನು ನಕ್ಕ. ಎಪ್ಪತ್ತಾರನೇ ಇಸವಿಯಲ್ಲಿ ಬಂದಾಗ ನಕ್ಕಿರಲಿಲ್ಲ. ಮೇಷ್ಟ್ರು ಅದಕ್ಕೂ ಮುಂಚೆ ನಾಲ್ಕು ಬೇಸಿಗೆ ಹುಲ್ಲುಗಾವಲಿಂದ ಹುಲ್ಲುಗಾವಲಿಗೆ ಅಲೆದು, ನಲವತ್ತೊಂದು ಮುದುಕ ಮುದುಕಿಯರ ಮುಂದೆ ಕೂತು, ಒಂದೊಂದು ಮನೆತನದ ಏಳು ತಲೆಮಾರಿನ ತಂದೆಯರ ಹೆಸರು ಬರೆದುಕೊಂಡಿದ್ದರು. ಏಳು ತಂದೆಯರ ಹೆಸರು ಬಾರದ ಕಿರ್ಗಿಜನನ್ನು ಯಾರೂ ಮನುಷ್ಯ ಅನ್ನುವುದಿಲ್ಲ. ಆದರೆ ಅಂದಿನ ಸರ್ಕಾರಕ್ಕೆ ಅದು ಕುಲದ್ವೇಷ ಕೆರಳಿಸುವ ಪುಸ್ತಕ. ಪುಸ್ತಕ ಹೋಯಿತು, ಕೆಲಸ ಹೋಯಿತು, ಹನ್ನೊಂದು ವರ್ಷ ಸರ್ಕಾರಿ ಕುರಿ ಕಾಯಬೇಕಾಯಿತು. ಆ ನಲವತ್ತೊಂದು ಜನರಲ್ಲಿ ಈಗ ಒಬ್ಬರೂ ಬದುಕಿಲ್ಲ. ಬೇರೆ ಪ್ರತಿ ಇಲ್ಲ. ಮೇಷ್ಟ್ರ ತಲೆಯಲ್ಲೂ ಅಲ್ಲೊಂದು ಇಲ್ಲೊಂದು ಹೆಸರು ಉಳಿದಿತ್ತು, ಅಷ್ಟೇ.

"ಪುಸ್ತಕ ಭದ್ರವಾಗಿದೆ. ಒಂದು ಹಾಳೆ ಹರಿದಿಲ್ಲ," ಅಂದ ಅಜಾತ್‌ಬೆಕ್. "ವಾಪಸ್ ಕೊಡ್ತೀನಿ. ನಮ್ಮ ಹುಡುಗರಿಗೆ ಪ್ರಮಾಣವಚನ ಕಲಿಸಿಕೊಡಿ, ಸಾಕು."

ವಿಷಯ ಇಷ್ಟು. ಹೊಸ ದೇಶಕ್ಕೆ ಹೊಸ ಗುಪ್ತಚರ ಇಲಾಖೆ ಆಗಬೇಕು. ಪ್ರಮಾಣವಚನ ನಾಡಿನ ಭಾಷೆಯಲ್ಲೇ ಆಗಬೇಕು. ಆದರೆ ಮೂವತ್ತೊಂದು ಅಧಿಕಾರಿಗಳಲ್ಲಿ ಒಬ್ಬನಿಗೂ ನಾಡಿನ ಭಾಷೆ ನೆಟ್ಟಗೆ ಓದಲು ಬಾರದು! ನಲವತ್ತು ವರ್ಷ ಈ ಭಾಷೆಯಲ್ಲಿ ಯಾರು ಏನು ಪಿಸುಗುಟ್ಟಿದರು ಅಂತ ಕದ್ದು ಕೇಳಿದವರು, ಬರೆದುಕೊಂಡಿದ್ದೆಲ್ಲ ರಷ್ಯನ್‌ನಲ್ಲಿ.

ಹೆಂಡತಿ ಸೈಲ್ಕಾನ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಜೀಪು ಹೋದಮೇಲೆ, "ಹೋಗಿಬನ್ನಿ. ಅದರಲ್ಲಿ ನಮ್ಮಪ್ಪ ಹೇಳಿದ್ದೂ ಇದೆ," ಅಂದಳು. "ಸಾಯೋದ್ರೊಳಗೆ ಒಂದ್ಸಲ ಓದಿಸಿ ಕೇಳ್ಬೇಕು ನಾನು."

ಮೇಷ್ಟ್ರು ಹೋದರು. ತಮ್ಮನ್ನು ಮೂರು ದಿನ ನಿಲ್ಲಿಸಿ ಪ್ರಶ್ನೆ ಕೇಳಿದ್ದ ಅದೇ ಕಟ್ಟಡಕ್ಕೆ ಮೂರು ವಾರ ಹೋದರು. ಏನು ಹೊಸ ಇಲಾಖೆ, ಏನು ಕತೆ! ರಾಜಧಾನಿಯಿಂದ ಮೊಹರು ಇನ್ನೂ ಬಂದಿಲ್ಲವೆಂದು ಹಳೇ ಮೊಹರಿನ ನಕ್ಷತ್ರವನ್ನು ಅರದಿಂದ ಉಜ್ಜಿ ಅದನ್ನೇ ಒತ್ತುತ್ತಿದ್ದರು. ರಷ್ಯನ್ ಟೈಪ್‌ರೈಟರ್‌ನಲ್ಲಿ ನಾಡಿನ ಭಾಷೆಯ ಮೂರು ಅಕ್ಷರಗಳೇ ಇಲ್ಲ. ಹಾಳೆ ಹೊರಬಂದಮೇಲೆ ಒಬ್ಬ ಲೆಫ್ಟಿನೆಂಟ್ ಕೂತು ಪೆನ್ನಿನಲ್ಲಿ ತುಂಬುತ್ತಿದ್ದ. ಫೋನು ಕದ್ದು ಕೇಳುವ ಹಳೇ ಮನುಷ್ಯ ಅದೇ ಹಳೇ ಕೋಣೆಯಲ್ಲೇ ಇದ್ದ. ಊರ ಸುದ್ದಿ ಮುಟ್ಟಿಸುವ ಬಾಡಿಗೆ ಬಾಯಿಗಳ ಪಟ್ಟಿಯೂ ಅದೇ, ಮೇಲೊಂದು ಹೊಸ ರಟ್ಟು. "ಮಾತೃಭೂಮಿ" ಅನ್ನುವ ಮಾತನ್ನು ಆ ದಪ್ಪ ಕತ್ತಿನ ಗಂಡಸರಿಂದ ಸರಿಯಾಗಿ ಹೇಳಿಸುವಷ್ಟರಲ್ಲಿ ಮೇಷ್ಟ್ರಿಗೆ ಅನ್ನ ಸೇರದಂತಾಯಿತು.

ಇನ್ನೊಂದು ಶರತ್ತೂ ಇತ್ತು. ಜಿಲ್ಲೆಯ ಮುಖ್ಯಸ್ಥ ಆಗುವವನು ಈ ಮಣ್ಣಿನ ಮಗನೇ ಅಂತ ಖಾತ್ರಿಯಾಗಬೇಕಿತ್ತು. ಊರ ಹಿರಿಯರ ಮುಂದೆ ನಿಂತು ತನ್ನ ಏಳು ತಂದೆಯರ ಹೆಸರು ಹೇಳಬೇಕು. ಹಿರಿಯರು ಅಂಗೈ ಎತ್ತಿ ಹರಸಬೇಕು. ಒಬ್ಬ ಹಿರಿಯ ತಡೆದರೂ ನೇಮಕ ಇಲ್ಲ. ಏಳು ತಂದೆಯರನ್ನು ಬರೆದಿದ್ದಕ್ಕೆ ಒಬ್ಬನ ಬಾಳು ಹಾಳು ಮಾಡಿದ ಕಚೇರಿ ಈಗ ಏಳು ತಂದೆಯರನ್ನು ಕೇಳುತ್ತಿತ್ತು. ನಗಬೇಕೋ ಉಗಿಯಬೇಕೋ?

"ನಿನಗೆ ಬರುತ್ತೇನಪ್ಪ ಏಳು ಹೆಸರು?" ಅಂತ ಮೇಷ್ಟ್ರು ಕೇಳಿಯೇಬಿಟ್ಟರು. ಅಜಾತ್‌ಬೆಕ್‌ನ ಅಪ್ಪ ಪಾರ್ಟಿಯ ಮನುಷ್ಯ; ಮನೆಯ ವಂಶಾವಳಿಯನ್ನು ಒಲೆಗೆ ಹಾಕಿದ್ದು ಊರಿಗೆಲ್ಲ ಗೊತ್ತು.

"ಅದರ ಚಿಂತೆ ನಿಮಗ್ಯಾಕೆ ಮೇಷ್ಟ್ರೇ? ನೀವು ಉಚ್ಚಾರಣೆ ನೋಡ್ಕೊಳ್ಳಿ."

ಸಮಾರಂಭದ ದಿನ ಅಂಗಳದಲ್ಲಿ ಡೇರೆ ಹೊಡೆದಿದ್ದರು. ರಾಜಧಾನಿಯ ಜನರಲ್‌ಗೆ ಬೇಯಿಸಿದ ಕುರಿಯ ತಲೆ, ಹಿರಿಯರಿಗೆ ಅವರವರ ಅಂತಸ್ತಿನ ಮೂಳೆ. ಒಂಬತ್ತು ಜನ ಹಿರಿಯರು, ಒಂಬತ್ತನೆಯವರು ಜುಮಾಕಾದಿರ್ ಮೇಷ್ಟ್ರು. ಜನರಲ್‌ನ ಮುಂದಿನ ಮೇಜಿನ ಮೇಲೆ ಹಸಿರು ಬಟ್ಟೆಯ ರಟ್ಟು ಕಾಣುತ್ತಿತ್ತು. ಅವರ ಪುಸ್ತಕ! ಹತ್ತು ಹೆಜ್ಜೆ ದೂರ.

ಅಜಾತ್‌ಬೆಕ್ ಎದ್ದುನಿಂತ. ಅಪ್ಪನ ಹೆಸರು ಹೇಳಿದ, ತಾತನದು ಹೇಳಿದ, ಮುತ್ತಾತನದು ಹೇಳಿದ. ನಾಲ್ಕನೆಯದಕ್ಕೆ ಎದೆಯುಬ್ಬಿಸಿ, "ಸಾತಿಕೆ!" ಅಂದ.

ಡೇರೆಯೊಳಗೆ ಚಮಚದ ಸದ್ದು ನಿಂತಿತು. ಸಾತಿಕೆ! ನದಿ ದಾಟುವಾಗ ಕೊಚ್ಚಿಹೋದ ಹದಿನಾರರ ಹುಡುಗ. ಮದುವೆ ಕಂಡವನಲ್ಲ. ಆ ಕಡವಿಗೆ ಇಂದಿಗೂ ಸಾತಿಕೆಯ ಕಡವು ಅನ್ನುತ್ತಾರೆ. ಅವನ ತಾಯಿ ಎದೆ ಬಡಿದುಕೊಂಡು ಹಾಡಿದ್ದು ಜನರ ಬಾಯಲ್ಲಿ ಉಳಿದಿತ್ತು; ಆ ಗೋಳಿನ ಹಾಡನ್ನು ಮೇಷ್ಟ್ರು ಪುಸ್ತಕದಲ್ಲಿ ಎರಡು ಪುಟ ತುಂಬ ಬರೆದುಕೊಂಡಿದ್ದರು. ಉಳಿದವರಿಗೆಲ್ಲ ಎರಡೇ ಸಾಲು. ಈ ಪುಣ್ಯಾತ್ಮನಿಗೆ ಓದಲು ಬಂದಿದ್ದರೆ ತಾನೆ? ಎರಡು ಪುಟ ಇದೆ ಅಂದರೆ ಭಾರೀ ದೊಡ್ಡ ಮನುಷ್ಯನೇ ಇರಬೇಕೆಂದು ಆರಿಸಿಕೊಂಡಿದ್ದ!

ಮೇಷ್ಟ್ರು ಪಕ್ಕದಲ್ಲಿದ್ದ ಬೈದಿಲ್ದಾ ಅಜ್ಜನನ್ನು ನೋಡಿದರು. ತೊಂಬತ್ತರ ಮುದುಕ, ಎಲ್ಲರಿಗಿಂತ ಹಿರಿಯ.

"ಅಜ್ಜಾ, ಕೇಳಿಸ್ತಾ?"

"ನನಗೆ ಕಿವಿ ಮಂದ ಕಣಪ್ಪ."

"ನಿನ್ನೆ ಕುರಿ ವ್ಯಾಪಾರ ಮಾಡುವಾಗ ಮಂದ ಇರ್ಲಿಲ್ಲ!"

"ನನ್ನ ಮೊಮ್ಮಗನಿಗೆ ಇಲ್ಲಿ ಡ್ರೈವರ್ ಕೆಲಸ ಆಗಿದೆ," ಅಂದ ಮುದುಕ ಮೆಲ್ಲಗೆ. "ನೀನು ಓದಿದವನು. ನೀನೇ ಹೇಳು ಬೇಕಾದ್ರೆ."

ಉಳಿದ ಏಳು ಜನ ತಲೆ ತಗ್ಗಿಸಿ ತಟ್ಟೆಯಲ್ಲಿ ಏನೋ ಹುಡುಕುತ್ತಿದ್ದರು. ಎಲ್ಲರಿಗೂ ಗೊತ್ತು, ಒಬ್ಬನಿಗೂ ನಾಲಿಗೆ ಇಲ್ಲ. ಹೇಸಿಗೆಯಿಂದ ಮೇಷ್ಟ್ರ ಮೈ ಉರಿಯಿತು. ಎದ್ದು ನಿಂತು ಒಂದು ಮಾತು ಹೇಳಿದರೆ ಆಗಿತ್ತು. ಆ ಹುಡುಗ ಬ್ರಹ್ಮಚಾರಿಯಾಗೇ ಸತ್ತ, ಇಷ್ಟೇ ಮಾತು. ಆದರೆ ಕಣ್ಣು ಮತ್ತೆ ಆ ಹಸಿರು ರಟ್ಟಿನ ಮೇಲೆ ಹೋಯಿತು. ಒಬ್ಬ ಸತ್ತ ಹುಡುಗನ ಹೆಸರು ಹೋದರೆ ಹೋಗಲಿ, ನಲವತ್ತೊಂದು ಜನರ ಮಾತು ಉಳಿಯುತ್ತದಲ್ಲ ಅಂತ ತಮಗೆ ತಾವೇ ಹೇಳಿಕೊಂಡರು. ಅಜಾತ್‌ಬೆಕ್ ಉಳಿದ ಮೂರು ಹೆಸರೂ ಹೇಳಿ ಮುಗಿಸಿದ. ಬೈದಿಲ್ದಾ ಅಂಗೈ ಎತ್ತಿದ. ಒಂಬತ್ತು ಜೋಡಿ ಅಂಗೈ ಎದ್ದವು. ಹಾಗೇ ಆಗಲಿ ಎನ್ನುವ "ಓಮಿನ್" ಹೇಳಿ ಮುಖ ಸವರಿಕೊಂಡಾಗ ಮೇಷ್ಟ್ರಿಗೆ ತಮ್ಮ ಕೈಯೇ ನಾರಿದಂತಾಯಿತು.

ಅಜಾತ್‌ಬೆಕ್ ಮಾತಿಗೆ ತಪ್ಪಲಿಲ್ಲ. ಎಲ್ಲರೆದುರಿಗೇ ಪುಸ್ತಕ ಕೊಟ್ಟು ತಬ್ಬಿಕೊಂಡ.

ರಸ್ತೆ ತಿರುವಿನಲ್ಲಿ ಪಾಪ್ಲರ್ ಮರದ ಕೆಳಗೆ ನಿಂತು ಮೇಷ್ಟ್ರು ಸಾತಿಕೆಯ ಪುಟ ತೆರೆದರು. ತಾಯಿಯ ಹಾಡು ಹಾಗೇ ಇತ್ತು, ಮದುವೆಯ ಮುಖ ಕಾಣದೆ ಹೋದೆಯಲ್ಲೋ ಮಗನೇ ಎಂದು. ಅದರ ಮೇಲಿನ ಸಾಲಿನಲ್ಲಿ: ಸಾತಿಕೆಗೆ ಮೂವರು ಮಕ್ಕಳು. ಮೇಷ್ಟ್ರದೇ ಅಕ್ಷರ. ಅದೇ ವಾಲು, ಅದೇ ಮಸುಕು ಶಾಯಿ. ಬೇರೆಯವರ ಅಕ್ಷರ ನಕಲು ಮಾಡಲೆಂದೇ ಆ ಕಚೇರಿಯಲ್ಲಿ ಸಂಬಳದ ಮನುಷ್ಯನಿದ್ದ.

ಗಾಬರಿಯಾಗಿ ಮಿಕ್ಕ ಪುಟ ತಿರುವಿದರು. ಇವತ್ತು ಮುಖ್ಯಸ್ಥನಿಗೆ ಬೇಕಾಯಿತು, ನಾಳೆ ಮೂವತ್ತೊಂದು ಅಧಿಕಾರಿಗಳಿಗೂ ತಂದೆಯರು ಬೇಕಲ್ಲ! ಯಾವುದು ತಾವು ಬರೆದದ್ದು, ಯಾವುದು ಅವರು ತುರುಕಿದ್ದು? ಯಾರನ್ನು ಕೇಳುವುದು? ತಿಳಿದಿದ್ದವರು ಮಣ್ಣಾಗಿದ್ದರು. ಸುಳ್ಳೆಂದು ಖಂಡಿತ ಗೊತ್ತಿದ್ದದ್ದು ಒಂದೇ ಸಾಲು, ಅದಕ್ಕೆ ತಾವೇ ಓಮಿನ್ ಅಂದು ಬಂದಿದ್ದರು. ಮೇಷ್ಟ್ರು ಕಾಲುವೆಯ ಪಕ್ಕ ಕೂತು ತಿಂದದ್ದೆಲ್ಲ ಕಾರಿಕೊಂಡರು.

ಸೈಲ್ಕಾನ್ ಗೇಟಿನಲ್ಲೇ ಕಾಯುತ್ತಿದ್ದಳು. ಮುಖ ತೊಳೆದು, ಹೊಸ ಬಿಳಿ ವಸ್ತ್ರ ತಲೆಗೆ ಕಟ್ಟಿಕೊಂಡಿದ್ದಳು. "ತಂದ್ರಾ? ಚಹಾ ಆಮೇಲೆ. ಮೊದಲು ನಮ್ಮಪ್ಪಂದು ಓದಿ."

ಅವರು ಓದಿದರು. ಅವಳು ಒಂದೊಂದು ತಲೆಮಾರಿನ ಮಕ್ಕಳನ್ನೂ ಬೆರಳು ಮಡಚಿ ಎಣಿಸುತ್ತ ಕೇಳಿದಳು. ಐದನೆಯ ತಲೆಮಾರಿಗೆ ಬಂದಾಗ ಎರಡು ಬೆರಳು ಮಡಚಿ ನಿಲ್ಲಿಸಿದಳು.

"ಕಲ್ಚಾಗೆ ಮೂವರು ಮಕ್ಕಳು ಅಂತಿದ್ಯಾ? ಇಬ್ಬರೇ ಅಂತ ಹೇಳಿದ ನೆನಪು ಕಣ್ರೀ. ಆ ಇಬ್ಬರ ಮೇಲೆ ಅಪ್ಪ ಪದ ಬೇರೆ ಹೇಳೋನು... ಸರಿಯಾಗಿ ನೋಡಿ, ನೀವೇ ಬರೆದದ್ದಾ?"

ಮೇಷ್ಟ್ರು ಪುಟವನ್ನು ಬೆಳಕಿಗೆ ಹಿಡಿದರು. ತಿರುಗಿಸಿ ನೋಡಿದರು. ಬಾಯಿ ತೆರೆದರೆ ಸಾತಿಕೆಯಿಂದ ಶುರುಮಾಡಬೇಕಿತ್ತು.

"ನನ್ನ ಅಕ್ಷರವೇ," ಅಂದರು.

"ಹೌದಾ," ಅಂದಳು ಸೈಲ್ಕಾನ್, ಮೂರನೆಯ ಬೆರಳನ್ನೂ ಮಡಚುತ್ತ. "ಹಾಗಾದ್ರೆ ನಾನೇ ಮರ್ತಿರಬೇಕು."