ಅಳಿಸಿಹೋದ ಮುಂಡಾಸು

"ಆ ಮುಂಡಾಸನ್ನ ತೆಗೆದುಬಿಡಿ ಮೇಡಂ," ಎಂದು ವಿಘ್ನೇಶ್ ಫೋನಿನಲ್ಲಿ ತಮಿಳಿನಲ್ಲಿ ಹೇಳಿದಾಗ ಪ್ರಣಮ್ಯಾಗೆ ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಅನ್ನಿಸಿತು.

ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವುದು ಅವಳ ಕಸುಬು. ನುಂಗಂಬಾಕ್ಕಂನಲ್ಲಿ ಗ್ಯಾಲರಿ ಇಟ್ಟಿದ್ದ ವಿಘ್ನೇಶ್ ನಾಲ್ಕು ತಿಂಗಳ ಹಿಂದೆ ಆ ಚಿತ್ರವನ್ನು ಅವಳ ಮೈಲಾಪೂರಿನ ಮನೆಗೆ ತಂದುಕೊಟ್ಟಿದ್ದ. ಐನೂರು ವರ್ಷದ ಹಿಂದೆ ವೆನಿಸ್‌ನಲ್ಲಿ ಬರೆದ ತರುಣನೊಬ್ಬನ ಮುಖ. ತಲೆಗೆ ಮಾತ್ರ ದೊಡ್ಡ ಬಿಳಿ ತುರ್ಕಿ ಮುಂಡಾಸು. ಎಕ್ಸ್‌ರೇ ತೆಗೆಸಿದರೆ ಅದರಡಿಯಲ್ಲಿ ಸವೆದುಹೋದ ಕರಿ ಟೊಪ್ಪಿ ಕಂಡಿತು. ಚಿತ್ರ ಇಸ್ತಾಂಬುಲ್ ಸೇರಿದ ಮೇಲೆ ಅಲ್ಲಿಯ ನುರಿತ ಕೈಯೊಂದು ಟೊಪ್ಪಿಯ ಮೇಲೆ ಬಣ್ಣದಲ್ಲೇ ಮುಂಡಾಸು ಸುತ್ತಿತ್ತು. ಹಿಂಬದಿಯ ಹಲಗೆಯ ಮೇಲೆ ರೋಮನ್ ಲಿಪಿಯಲ್ಲಿ ಜುಸೆಪ್ಪೆ ಎಂದಿತ್ತು, ಅದರ ಕೆಳಗೆ ಅರಬ್ಬಿ ಲಿಪಿಯಲ್ಲಿ ಯೂಸುಫ್. ಎರಡೂ ಒಂದೇ ಹೆಸರು, ಭಾಷೆ ಬೇರೆ ಅಷ್ಟೆ. ಅವನೇ ಅಲ್ಲಿಗೆ ಹೋಗಿ ನೆಲೆಸಿದನೋ, ಚಿತ್ರ ಕೊಂಡವರು ಅವನನ್ನು ತಮ್ಮವನನ್ನಾಗಿ ಮಾಡಿಕೊಂಡರೋ, ಯಾರಿಗೂ ಗೊತ್ತಿಲ್ಲ.

"ತೆಗೆದರೆ ಅವನ ಅರ್ಧ ಚರಿತ್ರೆಯೇ ಹೋಗ್ತದೆ," ಎಂದಳು.

"ಕೊಳ್ಳುವವರಿಗೆ ಪ್ಯೂರ್ ಇಟಾಲಿಯನ್ ಬೇಕು. ತುರ್ಕಿಯವನು ಬೇಡ."

"ಆ ಕೆಲಸ ನಾನು ಮಾಡುವುದಿಲ್ಲ."

ಮರುದಿನವೇ ಅವನ ಆಳುಗಳು ಬಂದು ಚಿತ್ರವನ್ನು ಹೊತ್ತೊಯ್ದರು.

ತಿಂಗಳಾದ ಮೇಲೆ ಪ್ರದರ್ಶನದ ದಿನ ಪ್ರಣಮ್ಯಾ ತಾಯಿ ಕಲಾವತಿಯನ್ನು ಕರೆದುಕೊಂಡು ಗ್ಯಾಲರಿಗೆ ಹೋದಳು. ಗೋಡೆಯ ಮೇಲಿದ್ದವನನ್ನು ನೋಡಿ ಅವಳ ಮೈ ಉರಿಯಿತು. ಮುಂಡಾಸು ಮಾಯ. ಅದರಡಿಯ ಟೊಪ್ಪಿ ಸವೆದಿದ್ದರಿಂದ ಯಾರೋ ಹೊಳೆಯುವ ಹೊಸ ಟೊಪ್ಪಿಯನ್ನೇ ಬಳಿದಿದ್ದರು. ಹಿಂದೆ ಇಣುಕಿದರೆ ಹಲಗೆಯೂ ಬೇರೆ. ಕೆಳಗೆ ಚೀಟಿ: 'ವೆನಿಸ್‌ನ ಯುವಕ, ಮೂಲ ರೂಪದಲ್ಲಿ.'

ವಿಘ್ನೇಶ್ ಪಕ್ಕದಲ್ಲಿ ನಿಂತು ಒಬ್ಬ ಗಿರಾಕಿಗೆ ಕೈ ಆಡಿಸಿ ವಿವರಿಸುತ್ತಿದ್ದ. ಪ್ರಣಮ್ಯಾ ನಡುವೆ ನುಗ್ಗಿದಳು.

"ಈ ಟೊಪ್ಪಿಗೆ ಎಷ್ಟು ವರ್ಷ ಅಂತ ಕೇಳಿ ಸಾರ್ ಇವರನ್ನ!"

"ಮೇಡಂ, ಆಮೇಲೆ ಮಾತಾಡೋಣ," ಎಂದ ವಿಘ್ನೇಶ್, ನಗುತ್ತಲೇ.

"ಆಮೇಲೆ ಯಾಕೆ? ನಾನೇ ಹೇಳ್ತೇನೆ. ಮೂರು ವಾರ!" ಎಂದು ಚಿತ್ರ ಮನೆಯಲ್ಲಿದ್ದಾಗ ತಾನು ಮೊಬೈಲಿನಲ್ಲಿ ತೆಗೆದಿದ್ದ ಫೋಟೊಗಳನ್ನು ಗಿರಾಕಿಯ ಮುಂದೆ ಹಿಡಿದಳು. ಮುಂಡಾಸು, ಎಕ್ಸ್‌ರೇ, ಎರಡು ಹೆಸರಿನ ಹಲಗೆ. "ನಾನೂರು ವರ್ಷ ಇವನ ತಲೆ ಮೇಲೆ ಇದ್ದದ್ದನ್ನು ಕೆರೆದು ಬಿಸಾಡಿದ್ದಾರೆ. ಇದು ವೆನಿಸ್‌ನದ್ದೂ ಅಲ್ಲ, ಇಸ್ತಾಂಬುಲ್‌ನದ್ದೂ ಅಲ್ಲ, ಇವರ ಗೋಡೌನಿನದ್ದು!"

ಗಿರಾಕಿ ಫೋಟೊಗಳನ್ನು ಎರಡೆರಡು ಸಲ ನೋಡಿ, ವಿಘ್ನೇಶನತ್ತ ತಿರುಗದೆಯೇ ಹೊರಟುಹೋದ. ಸ್ವಲ್ಪ ಹೊತ್ತಿಗೆ ಚಿತ್ರವನ್ನು ಗೋಡೆಯಿಂದ ಇಳಿಸಿದರು.

"ಇನ್ನು ಈ ಊರಿನಲ್ಲಿ ನಿಮಗೆ ಯಾರು ಕೆಲಸ ಕೊಡ್ತಾರೆ ನೋಡ್ತೀನಿ," ಎಂದ ವಿಘ್ನೇಶ್. ಈಗ ಅವನ ಮುಖದಲ್ಲಿ ನಗುವಿರಲಿಲ್ಲ.

"ನೋಡಿ. ಕಣ್ಣು ಬಿಟ್ಟು ನೋಡಿ," ಎಂದು ಅವಳು ಹೊರಬಿದ್ದಳು.

ಆಟೋದಲ್ಲಿ ಕಲಾವತಿ ಮಗಳ ಬೆನ್ನು ಸವರಿದರು. "ಗೆದ್ದೆಯಲ್ಲ ಮಾರಾಯ್ತಿ, ಇನ್ನೆಂತಕ್ಕೆ ಕೋಪ?"

"ಎಂತ ಗೆದ್ದದ್ದಮ್ಮ? ಮುಂಡಾಸು ವಾಪಸ್ ಬರ್ತದಾ?"

ಮನೆ ಮುಟ್ಟುವವರೆಗೂ ಪ್ರಣಮ್ಯಾ ಆಟೋದ ಕಂಬಿಯನ್ನು ಬಿಗಿಹಿಡಿದೇ ಕೂತಿದ್ದಳು.