ಬಟನ್ ಒಂದ ಸಲ ಒತ್ತಬೇಕ್ರಿ

ತಿರುಗುತ್ತಿದೆ, ಇನ್ನೂ ತಿರುಗುತ್ತಿದೆ ಅಮ್ಮಿಯ ಮೊಬೈಲಿನ ನಡುವೆ ಆ ಸಣ್ಣ ಬಿಳಿ ಚಕ್ರ, ನಲವತ್ತರವರೆಗೆ ಎಣಿಸಿದೆ, ಅಷ್ಟರಲ್ಲಿ ಅಂಗಳದಿಂದ ಮೆಣಸಿನಕಾಯಿಯ ಘಾಟು ಬಂದು ಸೀನು ಹತ್ತಿ ಎಣಿಕೆ ತಪ್ಪಿತು — ನಿಲೋಫರ್, ನನ್ನ ಮೊಬೈಲ್ ಕೆಡಿಸಬ್ಯಾಡ ಬೇ, ಅಲ್ಲಿ ತೊಟ್ಟು ಮುರಿಯುತ್ತ ಕೂತ ಅಮ್ಮಿ ಕೂಗುತ್ತಾಳೆ — ಕೆಟ್ಟಿರುವುದು ಮೊಬೈಲ್ ಅಲ್ಲ ಅಮ್ಮಿ, ನಾನು ನೋಡಿಕೊಳ್ಳುವ ವೆಬ್‌ಸೈಟು, ದೋಣಿಕಟ್ಟೆ, ಕರಾವಳಿಯ ಮೀನುಗಾರರು, ಹಿನ್ನೀರಿನಲ್ಲಿ ದೋಣಿ ನಡೆಸುವವರು, ಹರಿಗೋಲು ಹೆಣೆಯುವವರು ಎಲ್ಲ ಬಂದು ಮಾತಾಡುವ ಜಾಗ, ಕುಬಿಹಾಳದ ಈ ಕರಿಮಣ್ಣಿನ ನಡುವೆ ಕೂತು ಮೂರು ವರ್ಷದಿಂದ ಅದನ್ನು ನಡೆಸುತ್ತಿರುವವಳು ಸಮುದ್ರವನ್ನು ಒಮ್ಮೆಯೂ ಕಣ್ಣಾರೆ ಕಾಣದ ನಾನು. ಸೈಟ್ ತೆರೆಯುತ್ತಿಲ್ಲ, ಬಹಳ ನಿಧಾನ, ಎಂದು ಮೂರು ವಾರದಿಂದ ಒಬ್ಬರ ಹಿಂದೆ ಒಬ್ಬರು ಬರೆದರು, ನಿಮ್ಮ ನೆಟ್‌ವರ್ಕ್ ನೋಡಿಕೊಳ್ಳಿ ಎಂದು ನಾನು ಅಷ್ಟೂ ಜನಕ್ಕೆ ಬರೆದೆ, ನನ್ನ ಕಂಪ್ಯೂಟರಿನಲ್ಲಿ ರೆಪ್ಪೆ ಬಡಿಯುವುದರೊಳಗೆ ತೆರೆಯುತ್ತಿತ್ತಲ್ಲ, ಅಮ್ಮಿಯ ಮೊಬೈಲಿನಲ್ಲಿ ತೆರೆದು ನೋಡಿದ್ದು ಇಂದೇ ಮೊದಲು — ಇಗೋ ಬಂತು, ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯುತ್ತಿದೆ ನೀಲಿ, ಸಮುದ್ರ, ಪ್ರತಿ ಪುಟದ ತಲೆಯ ಮೇಲೆ ನಾನೇ ಹಾಕಿದ ಚಿತ್ರ, ಕಾರವಾರದ ಸದಸ್ಯರೊಬ್ಬರು ಕಳಿಸಿದ್ದು, ಎಷ್ಟು ದೊಡ್ಡದೆಂದರೆ ಅಲೆಯ ಮೇಲಿನ ಹನಿಗಳನ್ನು ಎಣಿಸಬಹುದು, ಕುಗ್ಗಿಸಿ ಹಾಕಬೇಕೆಂದು ಗೊತ್ತಿತ್ತು, ಕುಂದಗೋಳದ ಕಂಪ್ಯೂಟರ್ ಕ್ಲಾಸಿನಲ್ಲಿ ಹುಡುಗಿಯರಿಗೆ ಅದನ್ನೇ ಕಲಿಸುತ್ತೇನೆ, ಆದರೂ ಸಮುದ್ರವನ್ನು ಕುಗ್ಗಿಸಲು ಮನಸ್ಸಾಗಲಿಲ್ಲ, ನನ್ನ ಕಂಪ್ಯೂಟರು ಅದನ್ನು ಒಮ್ಮೆ ತಂದಿಟ್ಟುಕೊಂಡು ಮತ್ತೆ ತರುವ ಗೋಜಿಗೆ ಹೋಗಲಿಲ್ಲ, ಹಾಗಿಟ್ಟುಕೊಳ್ಳಲು ಜಾಗವಿಲ್ಲದ ಸಣ್ಣ ಫೋನಿನವರು ಮಾತ್ರ ಒಂದು ಸಾಲು ಓದಬೇಕಾದರೂ ಕಳಿಸಬೇಕಾದರೂ ಅಷ್ಟನ್ನೂ ಎಳೆದುಕೊಳ್ಳಬೇಕಿತ್ತು.

ಹಾಗಾದರೆ ಹನಮಪ್ಪ ಕಾಕಾ — ಯಾ ಅಲ್ಲಾ, ಹನಮಪ್ಪ ಕಾಕಾ, ಮಲಪ್ರಭೆಯ ಹಿನ್ನೀರಿನಲ್ಲಿ ಶಾಲೆಯ ಮಕ್ಕಳನ್ನು ಆಚೆ ದಂಡೆಗೆ ದಾಟಿಸುವ ಹಿರಿಯರು, ಹೋದ ವಾರ ಬರೆದಿದ್ದರು, ದೋಣಿ ತಳದಾಗ ಸೀಳ ಬಿಟ್ಟೈತಿ, ನೀರ ಒಸರತೈತಿ, ಏನ ತುಂಬಬೇಕ್ರಿ, ಮಕ್ಕಳ ಕೂಡತಾವು — ಅದೇ ಮಾತು ಏಳು ಸಲ, ಒಂದರ ಕೆಳಗೊಂದು, ಅದರ ಕೆಳಗೆ ನಾನು, ಎಲ್ಲರ ಕಣ್ಣ ಮುಂದೆ, ಕಾಕಾ, ಬಟನ್ ಒಂದ ಸಲ ಒತ್ತಬೇಕ್ರಿ, ಏಳ ಸಲ ಅಲ್ಲ, ಇಷ್ಟೂ ತಿಳಿಯಂಗಿಲ್ಲೇನ್ರಿ, ಎಂದು ಬರೆದು ಒಂದು ನಗುವ ಮುಖ ಅಂಟಿಸಿದೆ, ಅದರ ಹಿಂದೆ ಎಷ್ಟೊಂದು ನಗುವ ಮುಖಗಳು, ಸೀಳಿಗೆ ಏನು ತುಂಬಬೇಕೆಂದು ಒಬ್ಬರೂ ಹೇಳಲಿಲ್ಲ, ನಾನು ಆ ಚರ್ಚೆಗೆ ಬೀಗ ಹಾಕಿ ಊಟಕ್ಕೆ ಎದ್ದೆ, ಅಂದು ಊಟ ರುಚಿಯಾಗಿತ್ತು, ಅದೂ ನೆನಪಿದೆ.

ಸದಸ್ಯರ ಪಟ್ಟಿಯಲ್ಲಿ ಅವರ ನಂಬರ್ ಇದೆ, ಫೋನ್ ಮಾಡಿದೆ, ಒಂದೇ ರಿಂಗಿಗೆ ಎತ್ತಿದರು, ಯಾರವಾ — ದೋಣಿಕಟ್ಟಿ ನಿಲೋಫರ್ ರಿ ಕಾಕಾ, ದೋಣಿ ಹೆಂಗೈತ್ರಿ — ದಂಡಿಗೆ ಎಳದೇನವಾ, ಮಕ್ಕಳು ಸುತ್ತ ಹಾಕಿ ನಡದ ಹೊಂಟಾವು, ನೀ ಸಿಟ್ಟಾಗಬ್ಯಾಡ, ಅವತ್ತ ಒಂದ ಸಲ ಒತ್ತಿದ್ನಿ, ಏನೂ ಕಾಣಲಿಲ್ಲ, ಮತ್ತ ಒತ್ತಿದ್ನಿ, ಎರಡ ಸಲ ಇರಬೇಕು ಅಂದ್ಕೊಂಡ್ನಿ, ಏಳ ಆಗಿದ್ದ ನೋಡಿ ಮಗಾ ಅಂದಾ, ಅಪ್ಪಾ ನಿನ್ನ ಕೈ ನಡಗತೈತಿ, ಇನ್ನ ಮಕ್ಕಳನ್ನ ದಾಟಸೂದು ಬ್ಯಾಡ, ದೋಣಿ ಹುಟ್ಟ ಒಳಗಿಟ್ಟ ಕೀಲಿ ಹಾಕ್ಯಾನ, ಈಗ ಏನರ ಒತ್ತೂದಿದ್ರ ಎಡಗೈಲೆ ಬಲಗೈ ಮಣಿಕಟ್ಟ ಗಟ್ಟಿ ಹಿಡಕೊಂಡ ಒತ್ತತೇನಿ ನೋಡವಾ, ಒಂದ ಸಲ, ಎಂದು ನಕ್ಕರು, ಆ ನಗು ತಡೆಯಲಾರದೆ ಹೇಳಿಬಿಟ್ಟೆ, ಕಾಕಾ, ತಪ್ಪ ನಿಮ್ಮ ಕೈದಲ್ರಿ, ನಂದು, ಸೈಟ್ ನಿಂತಿದ್ದ ನನ್ನಿಂದ — ಆಚೆ ಯಾವುದೋ ನೀರುಹಕ್ಕಿಯ ಕೂಗು, ಆಮೇಲೆ ಮೆಲ್ಲಗೆ, ಹಂಗಾರ ನನ್ನ ಕೈ ಚಲೋ ಐತೇನವಾ — ಐತ್ರಿ ಕಾಕಾ, ಚಲೋ ಐತ್ರಿ — ಹಂಗಾರ ಅದನ್ನ ಅಲ್ಲೇ ಬರದ ಹಾಕವಾ, ಮಗಗ ತೋರಸ್ತೇನಿ.

ಚಿತ್ರ ತೆಗೆದೆ, ದೋಣಿಕಟ್ಟೆ ತಟ್ಟನೆ ತೆರೆಯಿತು, ಎರಡು ನಿಮಿಷದ ಕೆಲಸ, ಇಷ್ಟೇ — ತಾಂತ್ರಿಕ ಕಾರಣಗಳಿಂದ, ಎಂದು ಬರೆಯಲು ಶುರು ಮಾಡಿದೆ, ಅಳಿಸಿದೆ, ಆದ ಅನಾನುಕೂಲಕ್ಕಾಗಿ, ಅಳಿಸಿದೆ, ಅಮ್ಮಿ ಒಳಗೆ ಬಂದು ಯಾಕ ಬೇಟಿ, ಮಾರಿ ಕೆಂಪಾಗೇತಿ ಅಂದಳು, ಮೆಣಸಿನಕಾಯಿ ಘಾಟು ಅಂದೆ, ಅಲ್ಲೂ ಸುಳ್ಳು — ಕೊನೆಗೆ ಬರೆದೆ, ನಾನು ಹಾಕಿದ ಚಿತ್ರದಿಂದ ಸೈಟ್ ನಿಧಾನವಾಗಿತ್ತು, ನಿಮ್ಮ ನೆಟ್‌ವರ್ಕ್ ಸರಿಯಿತ್ತು, ಹನಮಪ್ಪ ಕಾಕಾನ ಕೈ ಸರಿಯಿದೆ, ನಾನು ಅವರನ್ನು ನಗೆಗೀಡು ಮಾಡಿದೆ, ನಿಲೋಫರ್. ಅವರ ಪ್ರಶ್ನೆಯ ಬೀಗ ತೆಗೆದೆ, ಅರ್ಧ ಗಂಟೆಯೊಳಗೆ ದೋಣಿ ಕಟ್ಟುವವರೊಬ್ಬರು ಉತ್ತರ ಬರೆದರು, ಸೀಳಿಗೆ ಹತ್ತಿಯ ನೂಲು ತುರುಕಿ ಮೇಲೆ ಎಣ್ಣೆಯಲ್ಲಿ ಕಾಸಿದ ರಾಳ ಬಳಿಯಿರಿ, ಒಣಗುವ ತನಕ ನೀರಿಗಿಳಿಸಬೇಡಿ, ಎಂದು, ನನ್ನ ತಪ್ಪಿಗೆ ಯಾರೂ ನಗುವ ಮುಖ ಅಂಟಿಸಲಿಲ್ಲ, ಒಬ್ಬರಾದರೂ ಅಂಟಿಸಿದ್ದರೆ ಹಗುರಾಗುತ್ತಿತ್ತೇನೋ — ಅದರ ಕೆಳಗೆ ಈಗ ಹನಮಪ್ಪ ಕಾಕಾ, ತಿಳೀತ್ರಿ, ಮಗಾ ಎರಡ ಸಲ ಓದಿದಾ, ಹುಟ್ಟ ಹೊರಗ ತಂದಾನ. ಒಂದೇ ಸಲ ಬಂದಿದೆ ಆ ಮಾತು, ಪುಟ ಮುಗಿಯಿತು, ಕೆಳಗೆ ಬರೀ ಬಿಳಿ, ನಾನು ಸಂತೋಷಪಡಬೇಕು, ಸೈಟ್ ಸರಿಯಾಗಿದೆ, ಆದರೆ ಆ ಒಂದು ಸಾಲು ಹೇಗೆ ಬಂದಿರಬೇಕೆಂದು ಕಾಣುತ್ತಿದೆ, ಎಡಗೈ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದೆ, ಉಸಿರು ಬಿಗಿಹಿಡಿದು ಒಂದು ಬೆರಳು ಇಳಿಯುತ್ತಿದೆ, ಎಡಗೈ, ಮಣಿಕಟ್ಟು, ಒಂದು ಬೆರಳು —